ಸಿನಿಮಾದಲ್ಲಿಲ್ಲದ ಹತ್ತೊಂಬತ್ತು ದಿನ

ಸಿನಿಮಾ ಬಿಡುಗಡೆಯಾದ ಮಾರನೆಯ ದಿನ, ಶನಿವಾರದ ಮ್ಯಾಟಿನಿಗೆ, ನಿರ್ದೇಶಕ ಚೈತನ್ಯ ತಾನೇ ಕಾರು ಕಳಿಸಿ ಮಹದೇವಪ್ರಸಾದರನ್ನೂ ಅವರ ಹೆಂಡತಿ ಪ್ರೇಮಲೀಲಾರನ್ನೂ ಕುವೆಂಪುನಗರದ ಮನೆಯಿಂದ ಕರೆಸಿಕೊಂಡಿದ್ದ. ಅದು ೨೦೦೪ನೇ ಇಸವಿ. ಹತ್ತು ವರ್ಷದ ಹಿಂದೆ ಮಹದೇವಪ್ರಸಾದರು ಮೈಸೂರಿನ ಒಂದು ಸಂಜೆ ಪತ್ರಿಕೆಯಲ್ಲಿ ಬರೆದ ವರದಿಗಳಿಂದ ಒಬ್ಬ ಮಂತ್ರಿ ರಾಜೀನಾಮೆ ಕೊಡಬೇಕಾಗಿ ಬಂದಿತ್ತು. ಸರ್ಕಾರಿ ಹಾಸ್ಟೆಲುಗಳ ಒಳ್ಳೆಯ ಅಕ್ಕಿ ಮಂತ್ರಿಯ ಭಾಮೈದನ ಗೋಡೌನಿಗೆ ಹೋಗಿ, ಅದರ ಬದಲು ಬೂಷ್ಟು ಹಿಡಿದ ಅಕ್ಕಿ ಮಕ್ಕಳ ತಟ್ಟೆಗೆ ಬರುತ್ತಿದ್ದ ಹಗರಣ ಅದು. ಸಿನಿಮಾ ಅದರ ಮೇಲೆಯೇ.

ತೆರೆಯ ಮೇಲಿನ ಪತ್ರಕರ್ತ ಚರ್ಮದ ಜಾಕೆಟ್ಟು ತೊಟ್ಟು ಬುಲೆಟ್ಟಿನಲ್ಲಿ ಓಡಾಡುತ್ತಿದ್ದ. ಹಾಸ್ಟೆಲಿನಲ್ಲಿ ಹುಡುಗಿಯೊಬ್ಬಳು ಸಾಯುತ್ತಾಳೆ. ಅವಳ ಹೆಣದ ಮುಂದೆ ನಿಂತು ಅವನು ಶಪಥ ಮಾಡುತ್ತಾನೆ. ಅಲ್ಲಿಂದ ನೇರ ಸರ್ಕಾರಿ ಕಚೇರಿಗೆ ನುಗ್ಗಿ, ದಪ್ಪ ಕನ್ನಡಕದ, ಎಡಗಾಲು ಎಳೆಯುವ ಗುಮಾಸ್ತನೊಬ್ಬನ ಕಾಲರ್ ಹಿಡಿದು ಕೆನ್ನೆಗೆ ಬಾರಿಸುತ್ತಾನೆ. ಗುಮಾಸ್ತ ಅಳುತ್ತಾ ಮೇಜಿನ ಕೆಳಗೆ ತೂರಿಕೊಂಡು ಫೈಲನ್ನು ಈಚೆಗೆ ತಳ್ಳುತ್ತಾನೆ. ಥಿಯೇಟರಿಗೆ ಥಿಯೇಟರೇ ನಕ್ಕಿತು. ತೆರೆಯ ಮೇಲೆ ಅಂದು ಸಂಜೆಯೇ ಪತ್ರಿಕೆ ಅಚ್ಚಾಗಿ, ಮಂತ್ರಿ ಕುರ್ಚಿ ಬಿಡುತ್ತಾನೆ.

ಮಹದೇವಪ್ರಸಾದರು ಕುರ್ಚಿಯ ಕೈ ಬಿಗಿಯಾಗಿ ಹಿಡಿದು ಕುಳಿತಿದ್ದರು.

"ಯಾಕ್ರೀ, ಮೈ ಸರಿಯಿಲ್ವಾ?" ಎಂದು ಪ್ರೇಮಲೀಲಾ ಕೇಳಿದರು.

"ಏನಿಲ್ಲ, ಸೆಕೆ."

ಚೈತನ್ಯ ಮೂರು ದಿನ ಅವರ ಮನೆಗೆ ಬಂದು ಕಥೆ ಕೇಳಿಕೊಂಡು ಹೋಗಿದ್ದ. ಎರಡು ಸಂಗತಿಗಳನ್ನು ಮಾತ್ರ ಅವರು ಅವನಿಗೆ ಹೇಳಿರಲಿಲ್ಲ. ಒಂದು, ಕಾಗದ ತಂದುಕೊಟ್ಟವರ ಹೆಸರು. ಅದನ್ನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರು. ಆದರೆ ಕಾಫಿ ಕುಡಿಯುವಾಗ, ಮಾತಿನ ಭರದಲ್ಲಿ, "ದಪ್ಪ ಕನ್ನಡಕ, ಎಡಗಾಲು ಸ್ವಲ್ಪ ಎಳೀತಿದ್ರು" ಎಂದುಬಿಟ್ಟಿದ್ದರು. ಇನ್ನೊಂದು ಸಂಗತಿಯನ್ನು ಅವರು ಹೆಂಡತಿಗೂ ಹೇಳಿರಲಿಲ್ಲ.

ನಡೆದದ್ದು ಹೀಗೆ. ೧೯೯೪ರ ಜುಲೈ ತಿಂಗಳ ಒಂದು ಮಧ್ಯಾಹ್ನ, ಊಟದ ವಿರಾಮದಲ್ಲಿ, ಜವರಪ್ಪ ಎಂಬ ಗುಮಾಸ್ತರು ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಹಾಸ್ಟೆಲುಗಳಿಗೆ ದಿನಸಿ ಹಂಚುವ ಉಗ್ರಾಣದಲ್ಲಿ ಅವರಿಗೆ ಕೆಲಸ. ಯಾರೂ ಅವರನ್ನು ಹೆದರಿಸಿರಲಿಲ್ಲ, ಕರೆದೂ ಇರಲಿಲ್ಲ. ಕೈಚೀಲದಿಂದ ಮೂವತ್ತೆರಡು ಜೆರಾಕ್ಸ್ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ನಾನೂ ಹಾಸ್ಟೆಲ್ ಅನ್ನ ತಿಂದು ಓದ್ದೋನು ಸಾರ್. ಈ ಅಕ್ಕಿಗೆ ಸೈನ್ ಹಾಕಕ್ಕೆ ಕೈ ಬರ್ತಿಲ್ಲ. ನನ್ನೆಸ್ರು ಮಾತ್ರ ಬರ್ಬಾರ್ದು, ಅಷ್ಟೇ. ಬೇಗ ಹಾಕ್ಬುಡಿ. ಮಕ್ಳು ದಿನಾ ಅದನ್ನೇ ತಿಂತವೆ."

ಮರುದಿನವೇ ಸಂಪಾದಕರಿಗೆ ತೋರಿಸಬೇಕೆಂದು ಮಹದೇವಪ್ರಸಾದರು ಹಾಳೆಗಳನ್ನು ಜೋಡಿಸಿಟ್ಟುಕೊಂಡರು. ಆದರೆ ಅಂದು ಅವರು ಒಂದೆರಡು ಕಡೆ ವಿಚಾರಿಸಿದ್ದು ಹೇಗೋ ಮಂತ್ರಿಯ ಕಡೆಯವರ ಕಿವಿಗೆ ಬಿದ್ದಿತ್ತು. ಮರುದಿನ ಬೆಳಿಗ್ಗೆ, ಅವರು ಮಗಳನ್ನು ಶಾಲೆಗೆ ಬಿಟ್ಟು ತಿರುಗುವಾಗ, ಬಿಳಿ ಅಂಗಿಯವನೊಬ್ಬ ಸ್ಕೂಟರಿನ ಪಕ್ಕ ಬಂದು ನಿಂತ. "ಮಗಳು ಚೆನ್ನಾಗಿ ಓದ್ತಾಳಂತಲ್ಲ ಸಾರ್? ಮೂರನೇ ಕ್ಲಾಸು, ಬಿ ಸೆಕ್ಷನ್ ಅಲ್ವಾ?" ಎಂದಷ್ಟೇ ಕೇಳಿ ನಕ್ಕು ಹೊರಟುಹೋದ.

ಹಾಳೆಗಳು ಬೀರುವಿನಲ್ಲಿ, ಹಳೆಯ ಬಟ್ಟೆಗಳ ಅಡಿ ಸೇರಿದವು. ಜವರಪ್ಪ ಮೂರು ಸಲ ಬಂದು ಕೇಳಿದರು. "ಪರಿಶೀಲನೆ ಮಾಡ್ತಿದೀವಿ" ಎಂದು ಮಹದೇವಪ್ರಸಾದರು ಮೂರು ಸಲವೂ ಸುಳ್ಳು ಹೇಳಿ ಕಳಿಸಿದರು. ಹತ್ತೊಂಬತ್ತನೆಯ ದಿನ ಒಂದು ಬಾಲಕಿಯರ ಹಾಸ್ಟೆಲಿನಲ್ಲಿ ನಲವತ್ತು ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಹನ್ನೆರಡು ವರ್ಷದ ಒಬ್ಬಳು ತೀರಿಕೊಂಡಳು. ಆಮೇಲೆ ಮಹದೇವಪ್ರಸಾದರು ಬರೆದರು. ಯಾರಿಗೂ ಅಂಜದೆ, ಒಂಬತ್ತು ದಿನ ಬಿಡದೆ ಬರೆದರು. ಮಂತ್ರಿ ಹೋದ. ಪ್ರಶಸ್ತಿ ಬಂತು. ಜವರಪ್ಪನವರನ್ನು ಯಾವುದೋ ನೆಪ ಹೂಡಿ ಬೀದರಿಗೆ ವರ್ಗ ಮಾಡಿದರು. ಆರು ವರ್ಷ ಅಲ್ಲೇ ಇದ್ದು, ನಿವೃತ್ತರಾಗಿ ವಿದ್ಯಾರಣ್ಯಪುರಂನ ಮನೆಗೆ ಮರಳಿದ್ದರು.

ಸಿನಿಮಾ ನೋಡಿದ ಎಂಟನೆಯ ದಿನ ಮಹದೇವಪ್ರಸಾದರು ಆ ಮನೆಯ ಬಾಗಿಲು ತಟ್ಟಿದರು. ತೆರೆದದ್ದು ಜವರಪ್ಪನವರ ಹೆಂಡತಿ ಸರೋಜಮ್ಮ. ಗುರುತು ಸಿಕ್ಕಿದ ಕೂಡಲೇ ಅವರ ಮುಖ ಬಿಗಿಯಾಯಿತು.

"ಬನ್ನಿ. ಹಾಲಿನ ಬೂತ್‌ಗೆ ಹೋಗೋದನ್ನೇ ಬಿಟ್ಬುಟ್ಟವ್ರೆ ಇವ್ರು. 'ಏನ್ ಸಾರ್, ಏಟು ಜೋರಾಗಿ ಬಿತ್ತಾ' ಅಂತಾರೆ ಅಲ್ಲಿ ಹುಡುಗ್ರು. ಕಾಲು, ಕನ್ನಡ್ಕ ಎಲ್ಲಾ ತೋರ್ಸಿ, ಇನ್ನು ಹೆಸ್ರೊಂದು ಯಾಕ್ ಬಿಟ್ರಿ?"

"ಸರೋಜ, ನೀನು ಸುಮ್ನಿರು" ಎಂದು ಜವರಪ್ಪ ಒಳಗಿನಿಂದ ಬಂದು ಕುರ್ಚಿ ಎಳೆದು ಕೊಟ್ಟರು.

"ತಪ್ಪಾಯ್ತು ಜವರಪ್ಪನೋರೆ. ನಾನೇ ಬಾಯಿತಪ್ಪಿ ಹೇಳಿದ್ದು. ಆ ಸೀನು ತೆಗೀರಿ ಅಂತ ಚೈತನ್ಯನಿಗೆ ಹೇಳ್ತೀನಿ. ನೀವು ಒಪ್ಪಿದ್ರೆ, ನೀವಾಗೇ ಬಂದು ಕೊಟ್ರಿ ಅಂತ ಹೆಸರು ಹಾಕಿ ಬರೀತೀನಿ."

ಜವರಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

"ಏಟು ತಿಂದಿದ್ದು ನಟ ಸಾರ್, ನಾನಲ್ಲ. ಅದ್ನ ಬುಡಿ. ಸಿನಿಮಾದಲ್ಲಿ ಮೊದ್ಲು ಮಗು ಸಾಯ್ತದೆ, ಆಮೇಲೆ ಕಾಗದ ಸಿಗ್ತದೆ. ಹಂಗೇ ಆಗಿತ್ತಾ?"

ಉತ್ತರಕ್ಕೆ ಕಾಯದೆ ಜವರಪ್ಪ ಬೀದಿಯ ಕಡೆ ಕೈ ತೋರಿಸಿದರು.

"ಆ ಮಗೀನ ತಂದೆ ಪುಟ್ಟಮಾದಯ್ಯ ಇದೇ ಬೀದಿ ಕೊನೇಲಿ, ಕಲ್ಯಾಣ ಮಂಟಪದ ವಾಚ್‌ಮನ್. ನಾನೇ ಸೇರ್ಸಿದ್ದು. ಮೊನ್ನೆ ಸಿನಿಮಾ ನೋಡ್ಕೊಂಡು ಬಂದು ಅಂದ, 'ನಮ್ ಕೂಸು ಸತ್ತಿದ್ದಕ್ಕೇ ಅಲ್ವಾ ಸಾಮಿ ವಿಷ್ಯ ಗೊತ್ತಾಗಿದ್ದು? ಮೊದ್ಲೇ ಯಾರಿಗೂ ಗೊತ್ತಿರ್ನಿಲ್ಲ, ಏನ್ ಮಾಡಕಾಯ್ತದೆ' ಅಂತ. ನಾನು ತಲೆ ತಗ್ಗಿಸ್ದೆ. ಹೇಳ್ಬೌದಿತ್ತು. ಆದ್ರೆ ಅದು ನಾನು ಹೇಳೋ ಮಾತಲ್ಲ ಕಣ್ರೀ."

ಅಂದು ಮನೆಗೆ ಹೋದ ಮಹದೇವಪ್ರಸಾದರು ಪ್ರೇಮಲೀಲಾರನ್ನು ಅಡುಗೆಮನೆಯಿಂದ ಕರೆದು ಎಲ್ಲವನ್ನೂ ಹೇಳಿದರು. ಅವರು ಸೆರಗಿಗೆ ಕೈ ಒರೆಸಿಕೊಂಡು ಎದುರಿಗೆ ಕುಳಿತು, "ನಮ್ಮ ಹುಡುಗೀನ ಉಳಿಸ್ಕೊಳಕ್ಕೆ ಅಂತ ಹಂಗ್ಮಾಡಿದ್ರಿ. ನಾನಾಗಿದ್ರೂ ಹಂಗೇ ಮಾಡ್ತಿದ್ನೇನೋ. ಆದ್ರೆ ಆ ಅಪ್ಪನ್ನ ಕತ್ತಲಲ್ಲಿಡಬೇಡಿ" ಎಂದರು.

ಮಾರನೆಯ ಬೆಳಿಗ್ಗೆ ಮಹದೇವಪ್ರಸಾದರು ಜವರಪ್ಪನವರ ಜೊತೆ ಕಲ್ಯಾಣ ಮಂಟಪಕ್ಕೆ ಹೋದರು. ಅಂದು ಮದುವೆ ಇರಲಿಲ್ಲ. ಪುಟ್ಟಮಾದಯ್ಯ ಹಿಂದಿನ ಮದುವೆಯಲ್ಲಿ ಅಂಗಳದಲ್ಲಿ ಉಳಿದಿದ್ದ ಬಾಳೆಕಂದು, ಎಲೆ ಗುಡಿಸುತ್ತಿದ್ದರು. ಮಹದೇವಪ್ರಸಾದರನ್ನು ಕಂಡು ಪೊರಕೆ ಕೆಳಗಿಟ್ಟು ಕೈ ಮುಗಿದರು. ಆ ಕೈ ಮುಗಿದದ್ದನ್ನು ನೋಡಲಾರದೆ ಮಹದೇವಪ್ರಸಾದರು ಅಲ್ಲೇ ಜಗಲಿಯ ಮೇಲೆ ಕುಳಿತರು.

"ಪುಟ್ಟಮಾದಯ್ಯ, ಸಿನಿಮಾದಲ್ಲಿ ತೋರ್ಸಿದ್ದು ಸುಳ್ಳು. ಮಗು ಹೋಗೋಕೆ ಹತ್ತೊಂಬತ್ತು ದಿನ ಮುಂಚೆನೇ ಕಾಗದ ನನ್ನ ಕೈಲಿತ್ತು. ಇವರು ತಂದುಕೊಟ್ಟಿದ್ರು. ನಾನು ಹಾಕ್ಲಿಲ್ಲ."

ಪುಟ್ಟಮಾದಯ್ಯ ಜವರಪ್ಪನವರ ಮುಖ ನೋಡಿದರು. ಜವರಪ್ಪ ತಲೆಯಾಡಿಸಿದರು.

"ಹಾಕಿದ್ರೆ ಉಳೀತಿದ್ಲಾ?"

"ಗೊತ್ತಿಲ್ಲ. ಆ ಅಕ್ಕಿ ನಿಲ್ಲಿಸ್ತಿದ್ರೇನೋ. ಉಳೀತಿದ್ಲೇನೋ."

"ಯಾಕ್ ಹಾಕ್ನಿಲ್ಲ?"

"ಹೆದರ್ಕೊಂಡೆ. ನನ್ನ ಮಗಳಿಗೆ ಏನಾದ್ರೂ ಮಾಡ್ತಾರೆ ಅಂತ."

ಪುಟ್ಟಮಾದಯ್ಯ ಬೈಯಲಿಲ್ಲ, ಅಳಲಿಲ್ಲ. ಅರ್ಧ ಗುಡಿಸಿದ್ದ ಅಂಗಳವನ್ನೇ ನೋಡುತ್ತಾ ನಿಂತರು. ಆಮೇಲೆ, "ನಿಮ್ ಮಗ್ಳು ಈಗ ಏನ್ ಮಾಡ್ತವ್ಳೆ?" ಎಂದರು.

"ಓದ್ತಿದಾಳೆ. ಪಿಯುಸಿ ಮುಗೀತು."

"ಊಂ."

ಮಹದೇವಪ್ರಸಾದರು, ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯುತ್ತೇನೆ, ತಮ್ಮ ಹೆಸರು ಹಾಕಲು ಜವರಪ್ಪ ಒಪ್ಪಿದ್ದಾರೆ, ನಿಮ್ಮ ಒಪ್ಪಿಗೆಯೂ ಬೇಕು ಎಂದರು.

"ಬರೀರಿ. ಅವತ್ತೂ ಪೇಪರ್‌ನಾಗೆ 'ಹನ್ನೆರಡು ವರ್ಷದ ಬಾಲಕಿ' ಅಂತಷ್ಟೇ ಹಾಕಿದ್ರಿ. ಸಿನಿಮಾದಾಗೆ ಇನ್ಯಾವ್ದೋ ಹೆಸ್ರು ಇಟ್ಟವ್ರೆ. ಅವ್ಳ ಹೆಸ್ರು ಚಿಕ್ಕತಾಯಮ್ಮ. ಅದ್ನ ಹಾಕಿ."

ಮುಂದಿನ ಭಾನುವಾರ ಲೇಖನ ಬಂತು. ಮಂತ್ರಿಯ ಬಗ್ಗೆ ಅದರಲ್ಲಿ ಎರಡೇ ಸಾಲು. ಉಳಿದದ್ದೆಲ್ಲ ಬೀರುವಿನಲ್ಲಿದ್ದ ಹಾಳೆಗಳು, ಮೂರು ಸಲ ಬಂದು ಕೇಳಿದ ಜವರಪ್ಪ, ಚಿಕ್ಕತಾಯಮ್ಮ. ಚೈತನ್ಯ ಫೋನು ಮಾಡಿ, "ಏನ್ ಸಾರ್ ಇದು? ಜನಕ್ಕೆ ಹೀರೋ ಬೇಕು ಸಾರ್. ಹೆದರ್ಕೊಂಡು ಬೀರು ಮುಚ್ಚೋನ ಕಥೆನ ಯಾರು ನೋಡ್ತಾರೆ?" ಎಂದು ರೇಗಾಡಿದ. ಮಹದೇವಪ್ರಸಾದರು ಅವನು ಮಾತು ಮುಗಿಸುವವರೆಗೂ ಕೇಳಿಸಿಕೊಂಡು ರಿಸೀವರ್ ಇಟ್ಟರು. ಸಿನಿಮಾ ಐವತ್ತು ದಿನ ಓಡಿತು. ಸಮಾರಂಭಕ್ಕೆ ಅವರಿಗೆ ಆಹ್ವಾನ ಬರಲಿಲ್ಲ. ಪತ್ರಕರ್ತ ಗೆಳೆಯರಲ್ಲಿ ಕೆಲವರು ಕೈ ಕುಲುಕಿದರು, ಕೆಲವರು ಎದುರಾದಾಗ ಬೇರೆ ಕಡೆ ನೋಡಿದರು.

ಹಾಲಿನ ಬೂತಿನ ಹುಡುಗರು ಜವರಪ್ಪನವರನ್ನು ಕಂಡು ಎದ್ದು ನಿಂತರಂತೆ. ಅದನ್ನು ಸರೋಜಮ್ಮನೇ ಪ್ರೇಮಲೀಲಾರಿಗೆ ಫೋನಿನಲ್ಲಿ ಹೇಳಿದರು.

ಪುಟ್ಟಮಾದಯ್ಯನವರಿಗೆ ಓದು ಬಾರದು. ಜವರಪ್ಪ ಇಡೀ ಲೇಖನವನ್ನು ಎರಡು ಸಲ ಓದಿ ಹೇಳಿದರು. ಪುಟ್ಟಮಾದಯ್ಯ ಮಗಳ ಹೆಸರು ಎಲ್ಲಿದೆ ಎಂದು ಕೇಳಿ, ಜವರಪ್ಪ ತೋರಿಸಿದ ಜಾಗದಲ್ಲಿ ಬೆರಳಿಟ್ಟು ಕುಳಿತಿದ್ದರಂತೆ. ಆಮೇಲೆ ಪತ್ರಿಕೆಯನ್ನು ಮಡಿಸಿ ಒಳಗಿಟ್ಟು ಗೇಟು ತೆಗೆಯಲು ಎದ್ದರು. ಅಂದು ಮದುವೆಯಿತ್ತು, ಗಂಡಿನ ಕಡೆಯವರ ಬಸ್ಸು ಬಂದಿತ್ತು. ಮಹದೇವಪ್ರಸಾದರನ್ನು ಕ್ಷಮಿಸಿದೆ ಎಂದು ಅವರು ಯಾರ ಬಳಿಯೂ ಹೇಳಲಿಲ್ಲ. ಮಹದೇವಪ್ರಸಾದರೂ ಕೇಳಲು ಹೋಗಲಿಲ್ಲ.