ಬೆಲ್ಟಿಗೆ ಹಚ್ಚಿದ ಹರಳೆಣ್ಣೆ

ಹರಳೆಣ್ಣೆ ನಾತ, ಮೂರು ಸಲ ಸೀಮೆಎಣ್ಣೆಯಲ್ಲಿ ಒರೆಸಿದರೂ ಹೋಗುತ್ತಿಲ್ಲ, ಮೂಗಿನೊಳಗೇ ಕೂತುಬಿಟ್ಟಿದೆ, ಥೂ, ರಬ್ಬರ್ ಬೆಲ್ಟಿಗೆ ಎಣ್ಣೆ ಹಚ್ಚುತ್ತಾರೆಯೇ ಯಾರಾದರೂ, ಎತ್ತಿನ ಕೊಂಬಿಗೆ ಹಚ್ಚಿದ ಹಾಗೆ — ಹೌದಲ್ಲ, ಕೆರಿಯಪ್ಪನಿಗೆ ಇದು ಎತ್ತೇ, ಹುಲ್ಲು ತಿನ್ನಿಸುವ ಕೂಲಿಯವನಿಗೆ ಹುಲ್ಲು ತಿನ್ನುವುದೆಲ್ಲ ಎತ್ತೇ, ಆಯುಧಪೂಜೆಯ ದಿನ ಕೊಡಗಟ್ಟಲೆ ನೀರು ಹೊತ್ತು ಈ ಹುಲ್ಲು ಸುತ್ತುವ ಮಿಷನ್ನಿಗೆ ಮೈ ತೊಳೆದ, ರೋಲರಿಗೆ ಕುಂಕುಮ, ಬಾಯಿಗೆ ಚೆಂಡುಹೂವಿನ ಸರ, ಆಮೇಲೆ ಬೆಲ್ಟುಗಳಿಗೆ ತಿಕ್ಕಿ ತಿಕ್ಕಿ ಎಣ್ಣೆ ಕುಡಿಸಿದ. ಬೆಲ್ಟ್ ಒಣಗಿರಬೇಕು ಮಾರಾಯ, ಒಣಗಿದ್ದರೆ ತಾನೆ ಹಿಡಿತ, ಹಿಡಿತವಿದ್ದರೆ ತಾನೆ ಹುಲ್ಲು ಒಳಗೆ ಹೋಗಿ ಸುರುಳಿ ಸುತ್ತಿಕೊಳ್ಳುವುದು. ಈ ಹಾಳು ಮಿಷನ್ನು, ಯಾವುದೋ ದೇಶದವರು ಹದಿನೈದು ವರ್ಷ ದುಡಿಸಿ, ಇನ್ನು ಗುಜರಿಯೇ ಗತಿ ಎಂದಾದ ಮೇಲೆ ದಾನ ಕೊಟ್ಟಿದ್ದು, ಮಾವಿನಬ್ಯಾಣದ ಹುಲ್ಲಿನ ಫಾರಮ್ಮಿಗೆ ಬಂದು ಬಿತ್ತು, ಅಂದಿನಿಂದ ನನ್ನ ಕುತ್ತಿಗೆಗೆ. ಚೈನಿನ ಕೊಂಡಿ ನಾನೇ ಬಡಿದು ಮಾಡಿದ್ದು, ಹರಿದ ಬೆಲ್ಟಿಗೆ ಸಾಗರದಲ್ಲಿ ಚಪ್ಪಲಿ ಹೊಲಿಯುವವನ ಹತ್ತಿರ ತೊಗಲಿನ ಹೊಲಿಗೆ ಹಾಕಿಸಿದ್ದು, ಸುರುಳಿ ಕಟ್ಟುವ ದಾರ ಸಿಗದೆ ಪುಂಡಿನಾರಿನ ಹುರಿ ಹೊಸೆಸಿದ್ದು, ಎಲ್ಲ ನಾನೇ. ಬೇರಿಂಗ್ ಕಿರುಗುಟ್ಟುತ್ತಿದೆ, ಹೊಸದು ತರುವವರೆಗೆ ಓಡಿಸಬೇಡಿ ಸ್ವಾಮಿ ಎಂದು ಸಾರಿ ಸಾರಿ ಹೇಳಿ ಶಿವಮೊಗ್ಗದ ಬಸ್ಸು ಹತ್ತಿದೆ, ಮೊನ್ನೆ ಬೆಳಿಗ್ಗೆ, ಬಸ್ಸು ಆನಂದಪುರ ದಾಟುವುದರೊಳಗೆ ಮ್ಯಾನೇಜರ್ ನಾಗರಾಜಪ್ಪ ಟ್ರ್ಯಾಕ್ಟರಿಗೆ ಮಿಷನ್ ಕಟ್ಟಿಸಿ ಹುಲ್ಲು ಕೊಯ್ದ ಬ್ಯಾಣಕ್ಕೆ ಹೊರಡಿಸಿಯಾಗಿತ್ತು. ಒಂದು ದಿನ ತಡೆದಿದ್ದರೆ ಹುಲ್ಲೇನು ಓಡಿಹೋಗುತ್ತಿತ್ತೇ, ಇವನ ಮನೆ ಹಾಳಾಗ. ಬೆಲ್ಟ್ ಜಾರಿತು, ಹುಲ್ಲು ಬಾಯಲ್ಲೇ ಸಿಕ್ಕಿಕೊಂಡಿತು, ಟ್ರ್ಯಾಕ್ಟರ್ ನಿಲ್ಲಿಸಿ ಎಳೆದು ತೆಗೆಯಬೇಕು ತಾನೆ, ಕೆರಿಯಪ್ಪ ಏನು ಮಾಡಿದ, ಮೇವು ಒಲ್ಲದ ಎತ್ತಿನ ಬಾಯಿಗೆ ತುರುಕಿದ ಹಾಗೆ ಬಲಗೈ ಹಾಕಿ ತುರುಕಿದ, ತಿನ್ನು ಮಗನೆ ತಿನ್ನು ಎಂದನಂತೆ, ಆಗ ಬೆಲ್ಟ್ ಗಪ್ಪನೆ ಹಿಡಿಯಿತು. ಮೊಣಕೈಯವರೆಗೆ. ಆಸ್ಪತ್ರೆಯಲ್ಲಿ ಅಷ್ಟನ್ನೂ ತೆಗೆದರು.

ಈಗ ಅಗೋ, ಮಿಷನ್ನಿನ ಅಡಿಯಿಂದ ಆ ನಾಗರಾಜಪ್ಪನ ಬೂಟ್ಸು ಕಾಣುತ್ತಿದೆ, ಪಾಲಿಶ್ ಬೇರೆ, ಏನಯ್ಯಾ ಅಂಜನಪ್ಪ ಎದ್ದು ಬಾ, ಒಂದು ಸಹಿ ಹಾಕು, ಮೇಲಿನವರು ಸಂಜೆಗೆ ಬರ್ತಾರೆ. ಕಾಗದ ಟೈಪ್ ಮಾಡಿಸಿಯೇ ತಂದಿದ್ದಾನೆ, ಕೂಲಿಯಾಳು ಕೆರಿಯಪ್ಪ ತನ್ನ ಅಜ್ಞಾನದಿಂದ, ಯಾರ ಅಪ್ಪಣೆಯೂ ಇಲ್ಲದೆ ಬೆಲ್ಟುಗಳಿಗೆ ಎಣ್ಣೆ ಹಚ್ಚಿದ್ದರಿಂದ — ಓದುತ್ತಿದ್ದರೆ ಮೈ ಉರಿಯುತ್ತದೆ, ಓಡಿಸು ಎಂದವನ ಹೆಸರು ಇದರಲ್ಲಿ ಎಲ್ಲಿದೆ, ಹುಡುಕಿದರೂ ಸಿಗದು. ನಾನು ಸಹಿ ಹಾಕಿದೆನೋ, ಕೆರಿಯಪ್ಪನಿಗೆ ಕೆಲಸವೂ ಇಲ್ಲ, ಪರಿಹಾರವೂ ಇಲ್ಲ, ಫಾರಮ್ಮಿನ ಸಾಲುಮನೆ ಬಿಡಬೇಕು, ಎಲ್ಲಿಗೆ ಹೋಗುತ್ತಾನೆ ಒಂಟಿಕೈಯವನು, ಊರಿಗೆ ಎನ್ನಲು ಊರು ಲಿಂಗನಮಕ್ಕಿ ಡ್ಯಾಮಿನ ನೀರಿನಡಿ ಇದೆ. ಹಾಕದಿದ್ದರೆ, ಹಾಗಾದ್ರೆ ಅಪ್ಪಣೆ ಕೊಟ್ಟೋರು ಯಾರು ಅಂತ ನೀನೇ ಬರ್ಕೊಡು, ಮಿಷನ್ ಉಸ್ತುವಾರಿ ನಿಂದಲ್ವಾ, ಎನ್ನುತ್ತಾನೆ, ಮೆಲ್ಲಗೆ, ಮೀಸೆಯಡಿಯಲ್ಲೇ ನಗುತ್ತ. ಅಪ್ಪಣೆ ಯಾರು ಕೊಡುತ್ತಾರೆ, ಹಬ್ಬದ ದಿನ ಅಪ್ಪಣೆ ಕೇಳಿ ಪೂಜೆ ಮಾಡುತ್ತಾರೆಯೇ, ನಾನೇನು ಕಂಡೆ, ನಾನು ಷೆಡ್ಡಿನ ಮೂಲೆಯಲ್ಲಿ ಡಬ್ಬದ ಮೇಲೆ ಕೂತು ಪ್ರಸಾದದ ಮಂಡಕ್ಕಿ ತಿನ್ನುತ್ತಿದ್ದೆ, ಪೊಟ್ಟಣದ ಹಳೇ ಪೇಪರು ಓದುತ್ತಿದ್ದೆ, ಯಾವುದೋ ಸಿನಿಮಾದ ಜಾಹೀರಾತು, ಅರ್ಧ ಹರಿದಿತ್ತು — ಆಗ ಕೆರಿಯಪ್ಪ ಎಣ್ಣೆ ಗಿಂಡಿ ಹಿಡಿದು ಮುಂದೆ ನಿಂತ, ಮೇಸ್ತ್ರಿ, ಬೆಲ್ಟಿಗೂ ಹಚ್ಚಲಾ ಅಂದ. ಅಂದ. ಕಿವಿಗೆ ಬಿತ್ತು. ಬಾಯಿ ತುಂಬ ಮಂಡಕ್ಕಿ, ಪೇಪರಿನಿಂದ ಕಣ್ಣೆತ್ತದೆ ಹೂಂ ಎಂಬಂತೆ ತಲೆ ಆಡಿಸಿದೆ. ಎಣ್ಣೆ ಬಿಡದಿದ್ದರೆ ಮಿಷನ್ ಸಾಯುತ್ತದೆ ಎಂದು ಎರಡು ವರ್ಷ ಅವನ ತಲೆ ತಿಂದವನೂ ನಾನೇ, ಎಲ್ಲಿಗೆ ಬಿಡಬಾರದು ಎಂದು ಒಂದು ದಿನ, ಒಂದೇ ಒಂದು ದಿನ ಹೇಳಲಿಲ್ಲವಲ್ಲ, ಇವನ ಮೇಲೆ ಅವನ ಮೇಲೆ ಹಾರಾಡುತ್ತೇನೆ, ದೊಡ್ಡ ಮೇಸ್ತ್ರಿ, ನನ್ನ ಮುಖಕ್ಕಿಷ್ಟು. ಬರೆದುಕೊಡುತ್ತೇನೆ, ಕೊಡಿ ಪೆನ್ನು, ಹಚ್ಚು ಎಂದವನು ನಾನು ಎಂದೇ ಬರೆಯುತ್ತೇನೆ, ಕೆಲಸ ಹೋದರೆ ಹೋಯಿತು, ಕೈ ಎರಡೂ ಗಟ್ಟಿ ಇವೆ, ಅರಳಸುರಳಿ ಊರಿನ ಭಾವನ ಗದ್ದೆಯಲ್ಲಿ ಉಳುತ್ತೇನೆ — ಯಾರೋ ಬಂದರು, ಗುತ್ಯಮ್ಮ, ಕೆರಿಯಪ್ಪನ ಹೆಂಡತಿ, ಆಸ್ಪತ್ರೆಯಿಂದ ನಡೆದೇ ಬಂದಿದ್ದಾಳೆ, ಕಾಲೆಲ್ಲ ಕೆಂಪು ಧೂಳು, ಅಳುತ್ತಿಲ್ಲ, ಅತ್ತಿದ್ದರೆ ವಾಸಿಯಿತ್ತು. ಮ್ಯಾನೇಜರ ಕಡೆ ನೋಡಲೂ ಇಲ್ಲ, ನೇರ ನನ್ನ ಹತ್ತಿರ ಬಂದಳು, ಅಣ್ಣಾ, ಬೆಲ್ಟಿಗೆ ಹಚ್ಚಬ್ಯಾಡ ಅಂತ ನೀವು ಹೇಳಿದ್ರಂತೆ, ನಮ್ಮನೆಯವ್ರೇ ಕೇಳ್ಲಿಲ್ವಂತೆ, ಮೇಸ್ತ್ರಿ ಹೋದ್ರೆ ಮಿಷನ್ ನೋಡೋರಿಲ್ಲ, ಅವ್ರಿಗೆ ಏನೂ ಅನ್ಬ್ಯಾಡ ಅಂತಾರೆ, ಹೌದಾ ಅಣ್ಣಾ, ನೀವು ಹೇಳಿದ್ರಾ? ಅಯ್ಯೋ ಮುಠ್ಠಾಳ, ಯಾರು ಕೇಳಿದರು ನಿನ್ನನ್ನು, ಕೈ ಹೋದದ್ದು ಸಾಲದೆ ಸುಳ್ಳು ಬೇರೆ ಹೇಳಿ ನನ್ನ ತಲೆ ಕಾಯಲು ಹೊರಟೆಯಾ, ಇಲ್ಲ ಗುತ್ಯಮ್ಮ, ನಾನು ಹೇಳಲಿಲ್ಲ, ಇಷ್ಟೇ, ಇಷ್ಟು ಹೇಳಿದರೆ ಮುಗಿಯಿತು, ನಾಲಿಗೆ ತುದಿಯಲ್ಲೇ ಇದೆ, ನಾಗರಾಜಪ್ಪ ನೋಡುತ್ತಿದ್ದಾನೆ, ಅವಳು ನೋಡುತ್ತಿದ್ದಾಳೆ, ಕಣ್ಣು ಕೂಡ ಮಿಟುಕಿಸುತ್ತಿಲ್ಲ, ಹೇಳೋ, ಬಾಯಿ ಬಿಡೋ, ಈಗ ಬಾಯಲ್ಲಿ ಮಂಡಕ್ಕಿ ಇಲ್ಲವಲ್ಲ — ಮತ್ತೆ ಇದು ಯಾಕೆ, ಮೇಲೆ, ಕೆಳಗೆ, ಮೇಲೆ, ಹೂಂ ಎಂದು, ನನ್ನ ತಲೆ, ಹೂಂ ಎಂದು, ಆಡುತ್ತಿದೆ.