ಮಣಿಕಟ್ಟಿನ ಮೇಲಿನ ಬೆರಳು

ಐರಿಷ್ ಚಿತ್ರೋತ್ಸವದ ಮೊದಲ ದಿನವೇ ಥಿಯೇಟರಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಕ್ಕಿದ್ದರು. ಈ ವಯಸ್ಸಿನಲ್ಲಿ ಗಂಡ ಹೆಂಡತಿ ಹಿಂದಿನ ಮೂಲೆಯಲ್ಲಿ, ಕತ್ತಲಲ್ಲಿ, ಕೈ ಹಿಡಿದುಕೊಂಡು ಕೂರುವುದೆಂದರೇನು! ಟಿಕೆಟ್ ಹರಿಯುವವಳಂತೂ ಬಾಯಿಬಿಟ್ಟು ಕೇಳಿಯೇಬಿಟ್ಟಳು.

“ಏನಮ್ಮ, ಹನಿಮೂನಾ?”

“ಹೂಂ ಕಣೇ, ಮದುವೆ ಆದಾಗ ಪುರುಸೊತ್ತು ಸಿಗಲಿಲ್ಲ,” ಎಂದು ಆ ಹೆಂಡತಿ, ಬಟ್ಟೆ ಹೊಲಿಯುವ ಟೈಲರಮ್ಮ, ನಗುತ್ತಲೇ ಒಳಗೆ ಹೋದಳು.

ಹನಿಮೂನೂ ಇಲ್ಲ, ಮಣ್ಣೂ ಇಲ್ಲ. ಅವರಿಬ್ಬರು ಅಲ್ಲಿ ಕೂರುತ್ತಿದ್ದದ್ದು ಕೆಲಸಕ್ಕೆ. ಆಕೆಯ ಗಂಡ ಪರದೇಶದ ಚಿತ್ರಗಳ ಮಾತನ್ನು ನಮ್ಮ ಭಾಷೆಗೆ ತಂದು, ಪರದೆಯ ಕೆಳಗಿನ ಕಪ್ಪು ಪಟ್ಟಿಯ ಮೇಲೆ ಒಂದೊಂದೇ ಸಾಲಾಗಿ ಮೂಡಿಸುವವರು. ಸಾಲುಗಳೆಲ್ಲ ಮೊದಲೇ ಕಂಪ್ಯೂಟರಿನಲ್ಲಿ ಸಿದ್ಧವಾಗಿರುತ್ತವೆ. ಆದರೆ ಅವು ತಾವಾಗಿಯೇ ಮೂಡುವುದಿಲ್ಲ. ಪಾತ್ರ ಬಾಯಿ ತೆರೆದ ಗಳಿಗೆಗೆ ಸರಿಯಾಗಿ ಯಾರಾದರೂ ಗುಂಡಿ ಒತ್ತಬೇಕು. ಸ್ವಲ್ಪ ಮುಂಚೆ ಒತ್ತಿದರೆ ಗುಟ್ಟು ರಟ್ಟು, ಸ್ವಲ್ಪ ತಡವಾದರೆ ಜೋಕು ಹಳಸಲು. ಈ ಕೆಲಸದಲ್ಲಿ ಅವರದು ಎತ್ತಿದ ಕೈ. ಥಿಯೇಟರಿನವರೆಲ್ಲ ಅವರನ್ನು ಸಾಲುಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಸಾಲುಮೇಷ್ಟ್ರಿಗೆ ಈಗ ಕಿವಿ ಕೇಳಿಸುತ್ತಿರಲಿಲ್ಲ. ಅಷ್ಟೋ ಇಷ್ಟೋ ಅಲ್ಲ, ಪಕ್ಕದಲ್ಲಿ ಪಾತ್ರೆ ಬಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಕಿವಿಗೆ ಹಾಕುವ ಮಿಷನ್ ತಂದಿದ್ದಾಯಿತು. ಮನೆಯಲ್ಲಿ ಹೇಗೋ ಪರವಾಗಿಲ್ಲ ಎನಿಸಿದ ಅದು ಥಿಯೇಟರಿನ ಸದ್ದಿಗೆ ಭೋರ್ಗರೆಯತೊಡಗಿದಾಗ ಮೇಷ್ಟ್ರು ಅದನ್ನು ಕಿತ್ತು ಟೈಲರಮ್ಮನ ದಾರದ ಡಬ್ಬಿಗೆ ಎಸೆದರು. ಯಾರಿಗೂ ಹೇಳಕೂಡದು ಎಂದು ತಾಕೀತು ಮಾಡಿದರು. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ತಾನು ಮನೆಯ ಕುರ್ಚಿಗೆ ಅಂಟಿಕೊಂಡು ಸಾಯುತ್ತೇನೆ ಎಂದರು. ಹಾಗೆ ಹೇಳುವಾಗ ಅವರ ಗಲ್ಲ ನಡುಗಿದ್ದನ್ನು ಆಕೆ ನೋಡಿದಳು.

ಆಗ ಹುಟ್ಟಿದ್ದೇ ಈ ಉಪಾಯ. ಆಕೆಗೆ ಆ ಭಾಷೆ ಬಾರದಿದ್ದರೇನು, ಯಾರೋ ಮಾತಾಡಿದ್ದು ಕೇಳಿಸುತ್ತದಲ್ಲ! ಗಂಡನ ಎಡಗೈ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕೂರುವುದು. ಒಮ್ಮೆ ಒತ್ತಿದರೆ ಸಾಲು ಬರಲಿ. ಎರಡು ಸಲ ಒತ್ತಿದರೆ ಅಳಿಸಿ. ಎಷ್ಟೋ ದಿನ ಹೊಲಿಗೆ ಮಿಷನ್ನಿನ ಪಕ್ಕ ಟಿವಿ ಇಟ್ಟುಕೊಂಡು ಇಬ್ಬರೂ ಅಭ್ಯಾಸ ಮಾಡಿದರು. ಥಿಯೇಟರಿನಲ್ಲಿ ಮಾತ್ರ ಬಾಯಿ ಬಿಡಕೂಡದು ಎಂಬುದು ಆಕೆ ಹಾಕಿದ ಕಟ್ಟಳೆ. ತನ್ನ ದನಿ ತನಗೇ ಕೇಳಿಸದವರು ಪಿಸುಗುಟ್ಟಿದರೂ ಕೂಗಿದ ಹಾಗೆಯೇ ಇರುತ್ತದೆ.

ಇಷ್ಟೆಲ್ಲ ಮುಚ್ಚಿಡಬೇಕಾಗಿದ್ದದ್ದು ಬೇರೆಯವರಿಂದಲ್ಲ, ಹೊಟ್ಟೆಯಲ್ಲಿ ಹುಟ್ಟಿದವಳಿಂದ. ಉತ್ಸವ ನಡೆಸುವವಳು ಅವರ ಮಗಳೇ. ‘ನಿಮ್ಮ ತಂದೆಗೆ ವಯಸ್ಸಾಯಿತು, ಬೇರೆ ಏರ್ಪಾಡು ಮಾಡೋಣ’ ಎಂದು ಸಮಿತಿಯ ಅಧ್ಯಕ್ಷರು ರಾಗ ಎಳೆದಾಗ, ‘ನಮ್ಮಪ್ಪನ ಸಾಲು ತಪ್ಪಿದರೆ ಮುಂದಿನ ವರ್ಷ ನಾನೂ ಇರೋದಿಲ್ಲ’ ಎಂದು ಅವರ ಬಾಯಿ ಮುಚ್ಚಿಸಿ ಬಂದಿದ್ದಳು. ಅವಳು ಬೇರೆ ಮನೆಯಲ್ಲಿರುವವಳು. ಬಂದಾಗಲೆಲ್ಲ ಮೇಷ್ಟ್ರು ಬಿಡುವಿಲ್ಲದೆ ತಾವೇ ಮಾತಾಡುತ್ತಿದ್ದರು. ತಾನೇ ಮಾತಾಡುತ್ತಿರುವವನಿಗೆ ಕೇಳಿಸಿಕೊಳ್ಳುವ ಕಷ್ಟವಿಲ್ಲ ನೋಡಿ. “ಅಪ್ಪ ಬರ್ತಾ ಬರ್ತಾ ವಾಚಾಳಿ ಆಗ್ಬಿಟ್ರಲ್ಲಮ್ಮ,” ಎಂದು ಮಗಳು ನಗುತ್ತಿದ್ದಳು. ಪಾಪ, ಅಷ್ಟು ಬುದ್ಧಿವಂತೆ, ಕಣ್ಣ ಮುಂದಿನದು ಕಾಣಲಿಲ್ಲ.

ಉತ್ಸವ ಸಲೀಸಾಗಿ ಸಾಗಿತು. ಕೊನೆಯ ದಿನ ಬೆಳಿಗ್ಗೆ ಮಾತ್ರ ಆಗಬಾರದ್ದೊಂದು ಆಗುವುದರಲ್ಲಿತ್ತು. ಥಿಯೇಟರಿಗೆ ಬರುವಾಗ ಮೇಷ್ಟ್ರು ರಸ್ತೆಗಿಳಿದರು. ಬಲಗಡೆಯಿಂದ ಹಾರ್ನ್ ಬಡಿದುಕೊಳ್ಳುತ್ತ ಲಾರಿ ಬರುತ್ತಿತ್ತು. ಟೈಲರಮ್ಮ ಕಾಲರಿಗೆ ಕೈಹಾಕಿ ಜಗ್ಗಿದ ರಭಸಕ್ಕೆ ಇಬ್ಬರೂ ಫುಟ್‌ಪಾತಿನ ಮೇಲೆ ಕುಕ್ಕರಿಸಿದರು.

“ಕಾಲರ್ ಹರಿದೆಯಲ್ಲೇ!” ಎಂದು ಮೇಷ್ಟ್ರು ಬೈದರು. “ಒಳ್ಳೇ ಅಂಗಿ ಇದು!”

ಆಕೆ ಥಿಯೇಟರಿನ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಸೂಜಿ ತೆಗೆದು, ಅವರು ಅಂಗಿ ತೊಟ್ಟಿರುವಂತೆಯೇ ಕಾಲರ್ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು. ಹೊಲಿಗೆ ಸೊಟ್ಟಗಾಯಿತು. ಆಕೆಯ ಜನ್ಮದಲ್ಲಿ ಅಷ್ಟು ಕೆಟ್ಟ ಹೊಲಿಗೆ ಇನ್ನೊಂದಿರಲಿಲ್ಲ.

ಮಧ್ಯಾಹ್ನ ಮುಕ್ತಾಯದ ಚಿತ್ರಕ್ಕೆ ಥಿಯೇಟರ್ ತುಂಬಿತು. ಅಧ್ಯಕ್ಷರು ಮುಂದೆ ಕೂತರು. ಮಗಳು ಬಾಗಿಲ ಬಳಿ ನಿಂತಳು.

ಅದು ಐರ್ಲೆಂಡಿನ ಕಡಲ ನಡುವಿನ ಪುಟ್ಟ ದ್ವೀಪದ ಕಥೆ. ಏಡಿ ಹಿಡಿಯುವ ಮುದುಕ, ಅವನ ಹೆಂಡತಿ. ಮಾತು ಇಂಗ್ಲಿಷೇ ಆದರೂ ಆ ಜನ ಅದನ್ನು ಅಗಿದು ನುಂಗುತ್ತಿದ್ದ ರೀತಿಗೆ ಓದಿದವರೂ ಕೆಳಗಿನ ಸಾಲನ್ನೇ ನೆಚ್ಚಿಕೊಂಡಿದ್ದರು. ಟೈಲರಮ್ಮ ಮನೆಯಲ್ಲಿ ಇದನ್ನು ಎಷ್ಟು ಸಲ ನೋಡಿದ್ದಳೋ! ಆದರೆ ಆಗೆಲ್ಲ ಆಕೆಯ ಗಮನ ಬಾಯಿಗಳ ಮೇಲೆ. ಯಾರ ತುಟಿ ಅಲ್ಲಾಡಿತು, ಯಾರ ದನಿ ಬಂತು, ಅಷ್ಟೇ. ಕಥೆ ನೋಡಲು ಪುರುಸೊತ್ತೆಲ್ಲಿ? ಮಾತೇ ಇಲ್ಲದ ಕಡೆಯಂತೂ ಎದ್ದು ಹೋಗಿ ಮಿಷನ್ನಿಗೆ ದಾರ ಏರಿಸಿ ಬರುತ್ತಿದ್ದಳು.

ಈಗ ಎದ್ದು ಹೋಗುವಂತಿರಲಿಲ್ಲ. ಪರದೆಯ ಮೇಲೆ ಮುದುಕ ದೋಣಿಗೆ ಹೊರಟಿದ್ದ. ಹೆಂಡತಿ ಅವನನ್ನು ತಡೆದು ನಿಲ್ಲಿಸಿ, ಸ್ವೆಟರಿನ ಹರಿದ ತೋಳನ್ನು ಎರಡು ಹೊಲಿಗೆ ಹಾಕಿ ಕೂಡಿಸಿ, ದಾರವನ್ನು ಹಲ್ಲಿನಿಂದ ಕಡಿದಳು. ಅವನು ಹೋದ. ಆಚೆ ಕಡಲು ಕಪ್ಪಗೆ ಏಳುತ್ತಿತ್ತು. ದೋಣಿಯಿಂದ ಅವನು ಕೈಬೀಸಿದ. ಇವಳು ಕಿಟಕಿಯಲ್ಲಿ ನಿಂತಿದ್ದಳು. ಮಾತಿಲ್ಲ, ಹಾಡಿಲ್ಲ, ಇಡೀ ಥಿಯೇಟರ್ ಉಸಿರು ಬಿಗಿಹಿಡಿದಿತ್ತು.

ಟೈಲರಮ್ಮನಿಗೆ ಬೆಳಗಿನ ಲಾರಿ ಕಣ್ಣಿಗೆ ಕಟ್ಟಿತು. ಇವರೂ ಒಂದು ದಿನ ಹೀಗೇ ಹೊರಟುಬಿಡುತ್ತಾರೆ ಎನಿಸಿತು. ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು.

ಮೇಷ್ಟ್ರು ಗುಂಡಿ ಒತ್ತಿದರು.

ಕೈಬೀಸುತ್ತಿದ್ದ ಮುದುಕನ ಕೆಳಗೆ ಬಿಳಿ ಅಕ್ಷರ ಮೂಡಿತು: ‘ನಿಮ್ಮ ಯಜಮಾನರು ಸಿಕ್ಕಿದರಮ್ಮ. ಜೀವ ಇಲ್ಲ.’

ಯಾರೋ “ಅಯ್ಯೋ” ಎಂದರು. ಎಲ್ಲೋ ಒಬ್ಬ ಕಿಸಕ್ಕನೆ ನಕ್ಕ. ಟೈಲರಮ್ಮ ಗಾಬರಿಯಿಂದ ಎರಡು ಸಲ ಒತ್ತಿದಳು, ಸಾಲು ಅಳಿಯಿತು. ಆದರೆ ಹಿಂದಕ್ಕೆ ಹೋಗಿ ಎನ್ನುವುದಕ್ಕೆ ಅವರಲ್ಲಿ ಸನ್ನೆಯೇ ಇರಲಿಲ್ಲ. ಎಷ್ಟು ಅಭ್ಯಾಸ ಮಾಡಿದ್ದರೂ ಅದೊಂದು ಬೇಕಾದೀತೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಮೇಷ್ಟ್ರು ಕಂಪ್ಯೂಟರಿನಿಂದ ತಲೆಯೆತ್ತಿ ಪರದೆ ನೋಡಿದರು. ಬದುಕಿರುವ ಮುದುಕ ಇನ್ನೂ ಕೈಬೀಸುತ್ತಲೇ ಇದ್ದ.

“ಯಾಕೇ ಒತ್ತಿದೆ?”

ಅವರ ಪಾಲಿಗೆ ಅದು ಪಿಸುಮಾತು. ಥಿಯೇಟರಿನ ಪಾಲಿಗೆ ಕೂಗು. ತಲೆಗಳು ತಿರುಗಿದವು. ಆಕೆ ಅವರ ಕಿವಿಗೆ ಬಾಯಿಟ್ಟು, “ಸುಮ್ಮನಿರಿ, ಮಾತಾಡಬೇಡಿ,” ಎಂದಳು.

“ಏನು? ಕೇಳಿಸ್ತಿಲ್ಲ! ಯಾರು ಮಾತಾಡಿದ್ರು? ನೀನು ಒತ್ತದೆ ನಂಗೆ ಹೇಗೆ ಗೊತ್ತಾಗಬೇಕು?”

ಮುಂದೆ ಅಧ್ಯಕ್ಷರು ಎದ್ದು ನಿಂತರು. ಬಾಗಿಲ ಬಳಿಯಿಂದ ಮಗಳು ಬಂದಳು. ಅಮ್ಮನ ಬೆರಳನ್ನು ನೋಡಿದಳು, ಅದು ಅಪ್ಪನ ಮಣಿಕಟ್ಟಿನ ಮೇಲಿರುವುದನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡಳು ಟೈಲರಮ್ಮ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಗಳು ಅಪ್ಪನ ಮುಂದಿನ ಕಂಪ್ಯೂಟರನ್ನು ಮೆಲ್ಲಗೆ ತನ್ನ ತೊಡೆಗೆ ಎಳೆದುಕೊಂಡು, ಪಕ್ಕದಲ್ಲಿ ಕೂತು, ಉಳಿದ ಸಾಲುಗಳನ್ನು ತಾನೇ ಒತ್ತಿ ಮುಗಿಸಿದಳು. ಆ ಸಾಲು ಮತ್ತೆ ಬಂತು, ಈ ಸಲ ತನ್ನ ಜಾಗದಲ್ಲೇ ಬಂತು. ಯಾರೂ ಅಳಲಿಲ್ಲ. ಸತ್ತ ಸುದ್ದಿ ಎಲ್ಲರಿಗೂ ಮೊದಲೇ ಗೊತ್ತಾಗಿತ್ತು.

ಲಾಬಿಯಲ್ಲಿ ಮಗಳು ಕೇಳಿದ್ದು ಒಂದೇ ಮಾತು. “ಅಮ್ಮ, ನೀನಾದ್ರೂ ಹೇಳಬಾರದಿತ್ತಾ?”

“ಅವರು ಬೇಡ ಅಂದ್ರು ಕಣೇ.”

“ನಾನೇನು ಅಪ್ಪನ್ನ ಬಿಟ್ಟುಕೊಡ್ತಿದ್ನಾ?” ಎಂದಳು ಮಗಳು. ಅವಳ ಕಣ್ಣು ತುಂಬಿತು. ಅಧ್ಯಕ್ಷರು ಕರೆದರು. ಅವಳು ಕುರ್ತಾದ ತೋಳಿನಲ್ಲೇ ಮುಖ ಒರೆಸಿಕೊಂಡು ಆ ಕಡೆ ನಡೆದಳು. ಏನು ನಡೆಯುತ್ತಿದೆಯೆಂದು ಕೇಳಿಸದ ಮೇಷ್ಟ್ರು ಗೋಡೆಯ ಪೋಸ್ಟರ್ ನೋಡುತ್ತ ನಿಂತಿದ್ದರು. ಟಿಕೆಟ್ ಹರಿಯುವವಳು ಈಗ ನಗಲಿಲ್ಲ, ತಲೆ ತಗ್ಗಿಸಿದಳು. ಟೈಲರಮ್ಮನಿಗೆ ಅದೇ ಹೆಚ್ಚು ಚುಚ್ಚಿತು.

ಹೊರಗೆ ಬೆಳಕು ಕಣ್ಣು ಕುಕ್ಕುತ್ತಿತ್ತು. ಇಬ್ಬರೂ ರಸ್ತೆಯಂಚಿಗೆ ಬಂದರು. ಆಕೆ ಗಂಡನ ಕೈ ಹಿಡಿದಳು. ಹಿಡಿದ ಕೂಡಲೇ ಅವರ ಇನ್ನೊಂದು ಕೈಯ ಬೆರಳು ಗಾಳಿಯಲ್ಲಿ ಗುಂಡಿ ಒತ್ತಿತು. ಅದನ್ನು ಅವರೂ ನೋಡಿಕೊಂಡರು.

“ಈಗ್ಯಾಕೆ ಹಿಡಿದೆ? ಅಲ್ಯಾಕೆ ಹಿಡಿದೆ? ಯಾರೂ ಮಾತಾಡಿರಲಿಲ್ಲ ತಾನೇ?”

“ಭಯ ಆಯ್ತು ರೀ,” ಎಂದಳು.

ಅವರು ಆಕೆಯ ತುಟಿ ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದರು. “ಏನು?”

ಇಷ್ಟು ದಿನ ಬೆರಳ ತುದಿಯಲ್ಲಿ ಕಟ್ಟಿಟ್ಟುಕೊಂಡದ್ದೆಲ್ಲ ಗಂಟಲಿಗೆ ಬಂತು. ಯಾರು ನೋಡಿದರೆ ಏನು, ಯಾರು ಕೇಳಿದರೆ ಏನು! “ಭಯ ಆಯ್ತು ಅಂದೆ!” ಎಂದು ಟೈಲರಮ್ಮ ರಸ್ತೆಗೆಲ್ಲ ಕೇಳುವಂತೆ ಕೂಗಿದಳು. “ನೀವು ಹೋಗ್ಬಿಡ್ತೀರ ಅಂತ ಭಯ ಆಯ್ತು! ಅದಕ್ಕೇ ಹಿಡಿದೆ!”

ಎದುರು ಅಂಗಡಿಯವರು ಎದ್ದು ನೋಡಿದರು. ಸೈಕಲ್ ಸವಾರನೊಬ್ಬ ಕಾಲೂರಿ ನಿಂತ.

“ಯಾಕೇ ಹಾಗೆ ಕಿರುಚ್ತೀಯ?” ಎಂದು ಮೇಷ್ಟ್ರು ಆಕೆಯ ಬಾಯಿ ನೋಡಿ ಅಭ್ಯಾಸಬಲದಿಂದ ರೇಗಿದರು. “ನಾನೇನು ಕಿವುಡನಾ?”

ಹೇಳಿ ಮುಗಿದ ಮೇಲೆ ಅವರ ಕೈ ತಾನಾಗಿಯೇ ಕಿವಿಯನ್ನು ಮುಟ್ಟಿಕೊಂಡಿತು. ರಸ್ತೆ ಖಾಲಿಯಿತ್ತು, ದಾಟಬಹುದಿತ್ತು. ಇಬ್ಬರೂ ಅಲ್ಲೇ ನಿಂತಿದ್ದರು.