ನೆಲಕ್ಕೆ ಕೂತ ಕಂಬಿ

ಮಾವನ ಪುಟ್ಟ ಮನೆಯ ಅಡಿಪಾಯಕ್ಕೆ ಕಾಂಕ್ರೀಟ್ ಸ್ಲ್ಯಾಬಿನ ನಕ್ಷೆ ಮಾಡಿಕೊಟ್ಟವಳು ಅವರ ಅಕ್ಕನ ಮಗಳು, ಇಂಜಿನಿಯರ್. ಅವಳು ನೋಡಲು ಬರುವ ಹಿಂದಿನ ದಿನವೇ ಕಾಂಕ್ರೀಟ್ ಸುರಿದಾಗಿತ್ತು.

“ನಿನ್ನ ಮೇಸ್ತ್ರಿಗೆ ತಲೆ ನೆಟ್ಟಗಿಲ್ಲ ಕಣಮ್ಮ,” ಎಂದು ಮಾವ ಬೀಗಿದರು. “ಕಂಬಿ ಕೆಳಗೆಲ್ಲ ಸಿಮೆಂಟ್ ಬಿಲ್ಲೆ ಇಟ್ಟು ತೊಟ್ಟಿಲ ಥರ ಮೇಲೆತ್ತಿದ್ದ. ಬಿಲ್ಲೆ ಎಲ್ಲ ಕಿತ್ತುಹಾಕಿ ಕಂಬಿನ ನೆಲಕ್ಕೆ ಕೂರಿಸಿದೆ.”

“ನಾನು ಬಡ್ಕೊಂಡೆ, ಮೇಡಂ. ಮನೆ ನಂದು ಅಂದ್ರು,” ಎಂದ ಮೇಸ್ತ್ರಿ.

ಕಂಬಿ ನೆಲ ಮುಟ್ಟದೆ ಕಾಂಕ್ರೀಟಿನ ಒಳಗೆ ಉಳಿಯಲೆಂದೇ ಆ ಬಿಲ್ಲೆಗಳು. ಇನ್ನದು ನೆಲದ ತೇವಕ್ಕೆ ತುಕ್ಕು ಹಿಡಿಯುತ್ತದೆ, ಸ್ಲ್ಯಾಬ್ ಬಿರುಕು ಬಿಡುತ್ತದೆ.

“ಒಡೆದು ಮತ್ತೆ ಹಾಕ್ಬೇಕು, ಮಾವ.”

“ಓದಿದವರ ತಮಾಷೆನೇ ಬೇರೆ! ಎಲ್ಲಿ ಅಲ್ಲಾಡುತ್ತೆ, ತೋರ್ಸು?”

ಮಾವ ಸ್ಲ್ಯಾಬಿನ ನಡುವೆ ನಿಂತು ಕುಣಿದರು. ಅದು ಅಲ್ಲಾಡಲಿಲ್ಲ. ಅವಳು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಅದೇ ಸ್ಲ್ಯಾಬಿನ ಮೇಲೆ ಗೋಡೆ ಎಬ್ಬಿಸಲು ಅಳತೆಯ ದಾರ ಕಟ್ಟತೊಡಗಿದ್ದ.